ಎಂಜಿನ್ ದೀಪದ ಮೇಲೊಂದು ಬೊಟ್ಟು

ಊರಿನ ಕಾರುಗಳೆಲ್ಲ ಆಯುಧಪೂಜೆಯ ದಿನ ಬೊಟ್ಟಿಟ್ಟುಕೊಂಡು, ಮೊದಲ ಮಳೆಗೋ ಮೊದಲ ತೊಳೆತಕ್ಕೋ ಅಳಿಸಿಕೊಂಡುಬಿಡುತ್ತವೆ. ನನ್ನ ಕಾರು ಮಾತ್ರ ವರ್ಷಗಟ್ಟಲೆ ಇಟ್ಟುಕೊಂಡಿತ್ತು. ಅದೂ ಎಲ್ಲರಿಗೂ ಕಾಣುವ ಹಾಗೆ ಮುಂದಿನ ಗಾಜಿನ ಮೇಲಲ್ಲ. ಒಳಗೆ, ಸ್ಟಿಯರಿಂಗಿನ ಹಿಂದೆ, ವೇಗ ತೋರಿಸುವ ಮುಳ್ಳಿನ ಪಕ್ಕದಲ್ಲಿ. ಕುಂಕುಮದ ಬೊಟ್ಟೂ ಅಲ್ಲ. ಹೆಂಗಸರು ಹಣೆಗೆ ಅಂಟಿಸಿಕೊಳ್ಳುವ ಮಖಮಲ್ಲಿನ ಸ್ಟಿಕ್ಕರ್ ಬೊಟ್ಟು, ಕಡುಗೆಂಪು ಬಣ್ಣದ್ದು, ಅಂಗಿಯ ಗುಂಡಿಯಷ್ಟು ಅಗಲ. ನೋಡಿದವರು ಏನೋ ಹರಕೆ ಇರಬೇಕು ಎಂದುಕೊಳ್ಳುತ್ತಿದ್ದರು. ಹಾಗೇ ಅಂದುಕೊಳ್ಳಲಿ ಎಂದು ನಾನೂ ಸುಮ್ಮನಿರುತ್ತಿದ್ದೆ. ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನಾನು, ಕಾರಿನಲ್ಲಿ ಉರಿಯುವ ಎಚ್ಚರಿಕೆಯ ದೀಪ ಕಾಣದಿರಲೆಂದು ಅದರ ಮೇಲೆ ಬೊಟ್ಟು ಅಂಟಿಸಿಕೊಂಡು ಓಡಾಡುತ್ತೇನೆ ಎಂದು ಯಾರ ಮುಂದೆ ಹೇಳಿಕೊಳ್ಳಲಿ?

ಆ ದೀಪದ ಪರಿಚಯ ಕಾರಿಟ್ಟುಕೊಂಡವರಿಗೆ ಇರುತ್ತದೆ, ಇಲ್ಲದವರು ಪುಣ್ಯವಂತರು. ಎಂಜಿನ್ನಿನಿಂದ ಹೊರಬರುವ ಹೊಗೆ ನೆಟ್ಟಗಿಲ್ಲ ಎಂದು ಕಾರಿಗೆ ಅನುಮಾನ ಬಂದರೆ ಹಳದಿ ಬಣ್ಣದ ಒಂದು ಪುಟ್ಟ ಚಿತ್ರ ಹೊತ್ತಿಕೊಳ್ಳುತ್ತದೆ. ಅದು ಎಂಜಿನ್ನಿನ ಚಿತ್ರವಂತೆ. ನಮ್ಮ ಜಿಲ್ಲೆಯ ಯಾರನ್ನು ಬೇಕಾದರೂ ಕೇಳಿ, ನೀರೆತ್ತುವ ಮೋಟಾರು ಎನ್ನುತ್ತಾರೆ. ಕೆಂಪು ದೀಪವಾದರೆ ಗಾಡಿ ನಿಲ್ಲಿಸಲೇಬೇಕು, ಅದರಲ್ಲಿ ಮಾತಿಲ್ಲ. ಹಳದಿಯ ಸ್ವಭಾವ ಬೇರೆ. ಏನಾಗಿದೆ ಎಂದು ಅದು ಹೇಳುವುದಿಲ್ಲ, ಎಲ್ಲಿ ಎಂದೂ ಹೇಳುವುದಿಲ್ಲ. ಮದುವೆ ಮನೆಯ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತ ಸೋದರತ್ತೆಯ ಹಾಗೆ, ‘ಏನಾಯ್ತತ್ತೆ’ ಎಂದರೆ ‘ನಂಗೇನಾಗಿದೆ, ಚೆನ್ನಾಗೇ ಇದೀನಲ್ಲ’ ಎನ್ನುವ ಜಾತಿ ಅದು. ಕಾರು ಓಡುತ್ತದೆ, ಬ್ರೇಕು ಹಿಡಿಯುತ್ತದೆ, ಪೆಟ್ರೋಲ್ ಬಂಕಿನ ಪಕ್ಕದ ವ್ಯಾನಿನಲ್ಲಿ ಹೊಗೆ ಪರೀಕ್ಷೆ ಮಾಡುವಾತ ಸೈಲೆನ್ಸರಿಗೆ ಕೊಳವೆ ತೂರಿಸಿ ‘ಸೂಪರಾಗಿದೆ ಮೇಡಂ’ ಎಂದು ಚೀಟಿಯನ್ನೂ ಕೊಡುತ್ತಾನೆ. ದೀಪ ಮಾತ್ರ ಒಪ್ಪುವುದಿಲ್ಲ.

ಬೊಟ್ಟು ಅಂಟಿಸಿದವಳು ನಾನಲ್ಲ, ವನಜಕ್ಕ.

ವನಜಕ್ಕ ನನ್ನ ಒಡಹುಟ್ಟಿದವರಲ್ಲ. ಮುಳಬಾಗಿಲಿನ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ವಿಜ್ಞಾನ, ಅವರು ಕನ್ನಡ. ಇಬ್ಬರ ಮನೆಯೂ ಕೋಲಾರದಲ್ಲಿ. ನಾನು ಕಾರು ಕೊಂಡ ಮೊದಲ ವಾರವೇ ಅವರು ಎಡಗಡೆಯ ಬಾಗಿಲು ತೆಗೆದು ಕೂತರು. ನಿವೃತ್ತರಾಗುವವರೆಗೆ ಆ ಸೀಟು ಇನ್ನೊಬ್ಬರದಾಗಲಿಲ್ಲ. ಭಾನುವಾರ ಎಲ್ಲಿಗಾದರೂ ಹೊರಟಾಗ ನನ್ನ ಯಜಮಾನರೇ ಅಲ್ಲಿ ಕೂರಲು ಒಂದು ಕ್ಷಣ ಅನುಮಾನಿಸುತ್ತಿದ್ದರು. ಸೀಟನ್ನು ಹಿಂದೆ ಸರಿಸಿದರೆ ಸೋಮವಾರ ಬೆಳಿಗ್ಗೆ ಬೈಸಿಕೊಳ್ಳಬೇಕಾದವಳು ನಾನು.

ಬೈಗುಳವೆಂದರೆ ತೆಲುಗಿನಲ್ಲಿ. ತರಗತಿಯೊಳಗೆ ಅವರದು ತೂಕದ ಕನ್ನಡ; ಸಿಟ್ಟು ಬಂದರೆ ಗಡಿ ದಾಟಿಬಿಡುತ್ತಿದ್ದರು. ‘ಈ ಕಡೆ ಪಾಠ ಮಾಡೋರಿಗೆ ಎರಡು ನಾಲಿಗೆ ಇರ್ಲೇಬೇಕು ಕಣೇ. ಒಂದು ಸಂಬಳಕ್ಕೆ, ಒಂದು ಸಿಟ್ಟಿಗೆ’ ಎನ್ನುತ್ತಿದ್ದರು. ಅವರ ಯಜಮಾನರು ನಾರಾಯಣಸ್ವಾಮಿಯವರು ದೊಡ್ಡಪೇಟೆಯಲ್ಲಿ ಫ್ಯಾನ್ಸಿ ಸ್ಟೋರ್ ಇಟ್ಟಿದ್ದರು. ಬಳೆ, ರಿಬ್ಬನ್ನು, ಹೇರ್‌ಪಿನ್ನು, ಸ್ಟಿಕ್ಕರು. ಹೊಸ ಮಾಲು ಬಂದ ದಿನ ಕಡುಗೆಂಪಿನ ದೊಡ್ಡ ಬೊಟ್ಟಿನ ಪ್ಯಾಕೆಟ್ಟನ್ನು ಮೊದಲು ಹೆಂಡತಿಗೆ ಎತ್ತಿಟ್ಟು, ಆಮೇಲೆ ಗಿರಾಕಿಗಳಿಗೆ. ‘ನಮ್ಮ ಟೀಚರಮ್ಮನ ಹಣೇನೇ ನಮ್ಮಂಗಡಿ ಬೋರ್ಡು’ ಎಂದು ಅವರು ತಮಾಷೆ ಮಾಡುವುದಿತ್ತು. ಆ ಬೋರ್ಡು ದಿನವೂ ಬೆಳಿಗ್ಗೆ ನನ್ನ ಪಕ್ಕದಲ್ಲಿ ಕೂತು ಮುಳಬಾಗಿಲಿನ ದಾರಿ ಹಿಡಿಯುತ್ತಿತ್ತು.

ಆ ದಾರಿಯಲ್ಲಿ ನಾವು ಏನು ಮಾತಾಡುತ್ತಿದ್ದೆವು ಎಂದು ಈಗ ನೆನಪಿಸಿಕೊಳ್ಳಲು ಹೋದರೆ ಒಂದೂ ಘನವಾದ ವಿಷಯ ಸಿಕ್ಕುವುದಿಲ್ಲ. ಟೊಮೆಟೊ ರೇಟು ಬಿದ್ದದ್ದು, ಹೆಡ್‌ಮಾಸ್ಟರ ಹೊಸ ಶೂ, ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಪ್ರಬಂಧದಲ್ಲಿ ‘ಅಮ್ಮ ನಕ್ಕರೆ ಮನೆಗೆ ಸುಣ್ಣ ಹೊಡೆದ ಹಾಗೆ’ ಎಂದು ಬರೆದದ್ದು. ದೇವರಾಯಸಮುದ್ರದ ಬಂಡೆಬೆಟ್ಟ ಕಾಣಿಸಿದಾಗ ವನಜಕ್ಕ ಒಮ್ಮೆ ಸುಮ್ಮನಾಗಿ ಅತ್ತ ನೋಡುತ್ತಿದ್ದರು, ಬೆಟ್ಟ ಹಿಂದಾದ ಮೇಲೆ ಬಿಟ್ಟಲ್ಲಿಂದಲೇ ಮಾತು ಹಿಡಿಯುತ್ತಿದ್ದರು. ಕಾರಿನಲ್ಲಿ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಆದ್ದರಿಂದ ಎಂಥ ಚಳಿಯಲ್ಲೂ ಎಡಗಡೆಯ ಕಿಟಕಿ ಇಳಿದೇ ಇರಬೇಕು. ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಕೂದಲು ಹಿಡಿದುಕೊಂಡು, ಗಾಳಿಯ ಮೇಲೆ ಗಂಟಲೇರಿಸಿ ಮಾತಾಡುವುದು. ನನ್ನ ಗಂಟಲೂ ಹಾಗೇ ಪಳಗಿಹೋಗಿ, ಸ್ಟಾಫ್ ರೂಮಿನಲ್ಲಿ ಪಿಸುಮಾತು ಆಡಲಾರದವರು ಎಂಬ ಹೆಸರು ನಮ್ಮಿಬ್ಬರಿಗೂ ಬಂತು.

ದೀಪ ಮೊದಲು ಹೊತ್ತಿಕೊಂಡದ್ದು ಅಂಥದೊಂದು ಬೆಳಿಗ್ಗೆ.

‘ಏಮಿಟೇ ಇದಿ? ಬೋರಿಗೆ ಮೋಟಾರ್ ಬಿಟ್ಟಂಗಿದೆ’ ಎಂದರು ವನಜಕ್ಕ.

ನಾನು ಉತ್ಸಾಹದಿಂದ ಪಾಠಕ್ಕೆ ಶುರುವಿಟ್ಟೆ. ಹೊಗೆ ಹೋಗುವ ಪೈಪಿನೊಳಗೆ ಒಂದು ಸೆನ್ಸರ್ ಇರುತ್ತದೆ, ಅದು ಕಾರಿನ ಮೂಗು, ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ಮೂಸುತ್ತದೆ, ಹೆಚ್ಚು ಕಡಿಮೆಯಾದರೆ ಮೆದುಳಿಗೆ ಚಾಡಿ ಹೇಳುತ್ತದೆ, ಮೆದುಳು ದೀಪ ಹಾಕುತ್ತದೆ. ವನಜಕ್ಕ ಎಲ್ಲವನ್ನೂ ಕೇಳಿ, ‘ಇಷ್ಟೆಲ್ಲ ಗೊತ್ತಿದ್ದೂ ನಿಂಗೆ ಅದನ್ನ ಶಾಂತ ಮಾಡಕ್ಕೆ ಬರಲ್ವಾ?’ ಎಂದರು. ದೀಪ ಆರಿತು ಎನ್ನುವ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ದೇವರ ಮನೆಯದಾಗಲಿ ಕಾರಿನದಾಗಲಿ, ದೀಪ ಶಾಂತವಾಗಬೇಕು. ನಮ್ಮ ಗ್ಯಾರೇಜಿನ ನಯಾಜಣ್ಣನಿಗೂ ಅವರು ಅದನ್ನೇ ರೂಢಿ ಮಾಡಿಸಿದರು. ನಯಾಜಣ್ಣ ಬ್ಯಾಟರಿಯ ವೈರನ್ನು ಒಂದು ಟೀ ಕುಡಿಯುವಷ್ಟು ಹೊತ್ತು ಕಳಚಿಟ್ಟು, ಮತ್ತೆ ಸೇರಿಸಿ, ‘ಶಾಂತ ಆಯ್ತು ಮೇಡಂ, ಇನ್ನ ಬರಲ್ಲ’ ಎನ್ನುವರು. ವಾರ ಕಳೆಯುವಷ್ಟರಲ್ಲಿ ಬರುತ್ತಿತ್ತು.

ಇನ್ನು ಬೊಟ್ಟಿನ ಕಥೆ. ಒಂದು ಸಲ ಮಕ್ಕಳನ್ನು ಶಿವಾರಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದೆವು. ಮಕ್ಕಳು ಬಸ್ಸಿನಲ್ಲಿ, ಹಿಂದೆ ನಾವಿಬ್ಬರು ಕಾರಿನಲ್ಲಿ. ಅಲ್ಲಿ ಮನೆಮನೆಯ ಮುಂದೆ ಉಳಿಯ ಸದ್ದು. ಒಂದು ಚಪ್ಪರದ ಕೆಳಗೆ ಆಳೆತ್ತರದ ಅಮ್ಮನವರ ವಿಗ್ರಹ ಮಲಗಿತ್ತು. ಬೆರಳಿನ ಉಗುರು, ಕಾಲಿನ ಗೆಜ್ಜೆ, ಸೀರೆಯ ನೆರಿಗೆ, ಎಲ್ಲ ಮುಗಿದಿತ್ತು. ಕಣ್ಣಿರಬೇಕಾದ ಕಡೆ ಮಾತ್ರ ಬರಿಯ ಉಬ್ಬು. ಕೆತ್ತುತ್ತಿದ್ದವರು ಬೀಡಿ ಆರಿಸಿ ಮಕ್ಕಳಿಗೆ ಹೇಳಿದರು: ‘ಕಣ್ಣು ಕೊನೇಗೆ ಬಿಡ್ಸೋದು. ಅಲ್ಲೀತನಕ ಇದು ಕಲ್ಲು. ನಾವು ಮೇಲೆ ಕಾಲಿಡ್ತೀವಿ, ಬೀಡಿ ಸೇದ್ತೀವಿ, ಅದಕ್ಕೇನೂ ಕಾಣಲ್ಲ. ಕಣ್ಣು ಬಿಡ್ಸಿದ ಮೇಲೆ ಮಾತ್ರ ಹುಷಾರಾಗಿರ್ಬೇಕು.’ ಮಕ್ಕಳು ನಕ್ಕರು. ವನಜಕ್ಕ ನಗಲಿಲ್ಲ, ಬಗ್ಗಿ ಆ ಉಬ್ಬನ್ನು ಒಮ್ಮೆ ಬೆರಳಲ್ಲಿ ಮುಟ್ಟಿ ನೋಡಿದರು.

ಬರುವಾಗ ಊರು ದಾಟುವ ಮೊದಲೇ ಹಳದಿ ದೀಪ ಬಂತು. ನಾನು ಹಳೆಯ ರಾಗ ಎಳೆದೆ, ಮೊನ್ನೆ ತಾನೇ ತೋರಿಸಿದ್ದೆ, ನಯಾಜಣ್ಣನ ಕೈಗುಣವೇ ಸರಿಯಿಲ್ಲ, ಇತ್ಯಾದಿ. ವನಜಕ್ಕ ಹಣೆಯಿಂದ ಬೊಟ್ಟನ್ನು ಪಟ್ಟನೆ ಕಿತ್ತು, ನನ್ನ ಕೈಯಡಿಯಿಂದ ಬಗ್ಗಿ ಸರಿಯಾಗಿ ಆ ದೀಪದ ಮೇಲೆ ಅಂಟಿಸಿ, ಹೆಬ್ಬೆರಳಿಂದ ಒತ್ತಿದರು.

‘ತಗೋ, ಇದರ ಕಣ್ಣು ಮುಚ್ಚಿದೀನಿ. ಇನ್ನು ಹೊಗೆ ಬಿಡು, ಬೆಂಕಿ ಬಿಡು, ಅದಕ್ಕೇನೂ ಕಾಣಲ್ಲ.’

‘ಎಂಜಿನ್ ಹಾಳಾದ್ರೆ ಅಕ್ಕಾ?’

‘ಹಾಳಾಗೋದಾದ್ರೆ ಅದರ ಪಾಡಿಗೆ ಹಾಳಾಗ್ಲಿ. ನೀನು ಅದನ್ನೇ ನೋಡ್ಕೊಂಡು ಲಾರಿ ಕೆಳಗೆ ಹೋಗ್ಬೇಡ.’

ಆಮೇಲೆ ಬ್ಯಾಗಿನಿಂದ ಪ್ಯಾಕೆಟ್ಟು ತೆಗೆದು, ತಲೆಯ ಮೇಲಿನ ಬಿಸಿಲುಮರೆಯನ್ನು ಇಳಿಸಿ, ಅದರ ಹಿಂದಿನ ಪುಟ್ಟ ಕನ್ನಡಿಯಲ್ಲಿ ನೋಡಿಕೊಂಡು ತಮಗೊಂದು ಹೊಸ ಬೊಟ್ಟು ಇಟ್ಟುಕೊಂಡರು. ಆ ಸಂಜೆ ನಾವು ಮೂವರೂ, ಅಂದರೆ ಕಾರೂ ಸೇರಿ, ಲಕ್ಷಣವಾಗಿ ಊರು ಸೇರಿದೆವು.

ಅದೇ ವರ್ಷದ ಚಳಿಗಾಲದಲ್ಲಿರಬೇಕು, ಬೆಳಿಗ್ಗೆ ಕಾರು ಹೊರಟ ಕೂಡಲೇ ವನಜಕ್ಕ ‘ಏನೋ ಬುಸುಗುಡ್ತಿದೆ ಕಣೇ ನನ್ನ ಕಾಲ ಹತ್ರ. ಹಾವಿದ್ದಂಗೆ’ ಎನ್ನಲು ಶುರುಮಾಡಿದರು. ನಾನು ಕಿವಿಗೊಟ್ಟರೆ ನನ್ನ ಕಡೆ ಏನೂ ಇಲ್ಲ. ‘ಅಕ್ಕಾ, ಪದ್ಯದಲ್ಲಿ ಹಾವು, ಪಾಠದಲ್ಲಿ ಹಾವು, ಈಗ ಕಾರಲ್ಲೂ ಹಾವಾ?’ ಎಂದು ರೇಗಿಸಿದೆ. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವರೇ ‘ನಿಂತೋಯ್ತು’ ಎನ್ನುತ್ತಿದ್ದರು. ತಾನಾಗಿ ನಿಂತುಹೋಗುವ ಸದ್ದು ಕಾಯಿಲೆಯ ಸದ್ದಾಗಿರಲಾರದು ಎಂದು ವಿಜ್ಞಾನದ ಪರವಾಗಿ ನಾನೇ ತೀರ್ಪು ಕೊಟ್ಟೆ.

ಕಾಲ ಹೀಗೇ ಓಡಿ ವನಜಕ್ಕನ ನಿವೃತ್ತಿಯೂ ಬಂತು. ಸನ್ಮಾನದ ಶಾಲು ಮಡಿಕೆ ಬಿಚ್ಚುವ ಮುಂಚೆಯೇ ನಾರಾಯಣಸ್ವಾಮಿಯವರು ಒಂದು ಮಧ್ಯಾಹ್ನ ಅಂಗಡಿಯಲ್ಲೇ ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ. ಅವರ ಹುಟ್ಟೂರು ಶ್ರೀನಿವಾಸಪುರದ ಕಡೆಯ ಯಲ್ದೂರು. ಅಲ್ಲಿ ತಮ್ಮನ ಸಂಸಾರ, ಮಾವಿನ ತೋಪು. ಕಾರ್ಯವೆಲ್ಲ ಅಲ್ಲೇ ಆಯಿತು, ವನಜಕ್ಕ ಅಲ್ಲೇ ಉಳಿದರು.

ಹನ್ನೊಂದನೆಯ ದಿನ ನಾನು ಹೋಗಿದ್ದೆ. ಹೆಂಗಸರ ನಡುವೆ ಗೋಡೆಗೊರಗಿ ಕೂತಿದ್ದರು. ಹಣೆ ಖಾಲಿ. ಇಷ್ಟು ವರ್ಷ ಬೊಟ್ಟಿದ್ದ ಜಾಗದಲ್ಲಿ ಬಿಸಿಲು ಕಾಣದೆ ಬಿಳಚಿದ ಒಂದು ದುಂಡು ಗುರುತು ಉಳಿದಿತ್ತು. ನನಗೆ ಅವರ ಕಣ್ಣು ನೋಡಲಾಗಲಿಲ್ಲ, ಆ ಗುರುತನ್ನೂ ನೋಡಲಾಗಲಿಲ್ಲ. ಹೊರಡುವಾಗ ಕೈ ಹಿಡಿದು, ‘ವರ್ಷ ಆಗೋತನಕ ಹೊಸ್ತಿಲು ದಾಟಂಗಿಲ್ಲ ಅಂತಾರೆ ಕಣೇ. ನೀನೂ ಬರ್ಬೇಡ. ನಿನ್ನ ನೋಡಿದ್ರೆ ಅಳು ನಿಲ್ಲಲ್ಲ ನಂಗೆ. ವರ್ಷ ಆಗ್ಲಿ, ನಾನೇ ಬರ್ತೀನಿ’ ಎಂದರು.

ತಿರುಗಿ ಬಂದು ಕಾರಿನಲ್ಲಿ ಕೂತು ಕೀಲಿ ತಿರುಗಿಸಿದರೆ ಎದುರಿಗೇ ಆ ಬೊಟ್ಟು. ಆ ಹಣೆಯ ಮೇಲಿದ್ದ ಬೊಟ್ಟುಗಳಲ್ಲಿ ಭೂಮಿಯ ಮೇಲೆ ಉಳಿದದ್ದು ಇದೊಂದೇ ಎಂದು ಆ ಕ್ಷಣ ನನಗೆ ಹೊಳೆದು, ಯಲ್ದೂರಿನ ಕೆರೆಯ ಏರಿಯ ಮೇಲೆ ಗಾಡಿ ನಿಲ್ಲಿಸಿ ಅತ್ತೆ.

ಅಂದಿನಿಂದ ಮುಳಬಾಗಿಲಿನ ದಾರಿ ಉದ್ದವಾಯಿತು. ಇಂಥ ಮಾತನ್ನು ವಿಜ್ಞಾನದ ಟೀಚರು ಆಡಬಾರದು, ಆದರೆ ಆಯಿತು. ಎಡಗಡೆಯ ಕಿಟಕಿಯನ್ನು ಏರಿಸಿಬಿಟ್ಟೆ, ಇಳಿಸಲು ಕಾರಣವಿರಲಿಲ್ಲ. ಕಾರಿನೊಳಗಿನ ನಿಶ್ಶಬ್ದ ತಡೆಯಲಾರದೆ ರೇಡಿಯೊ ಹಾಕಿದೆ. ರೇಡಿಯೊದವರು ನನಗಿಂತ ಹೆಚ್ಚು ಖುಷಿಯಲ್ಲಿರುತ್ತಿದ್ದರು. ಅವರು ಕೇಳಿದ ಪ್ರಶ್ನೆಗಳಿಗೆ ಮೊದಮೊದಲು ಗಟ್ಟಿಯಾಗಿಯೇ ಉತ್ತರ ಕೊಡುತ್ತಿದ್ದೆ. ದೇವರಾಯಸಮುದ್ರದ ಬೆಟ್ಟ ಬಂದಾಗ ಮಾತ್ರ ನನಗೇ ಗೊತ್ತಿಲ್ಲದೆ ಕೈ ಹೋಗಿ ಸದ್ದು ತಗ್ಗಿಸುತ್ತಿತ್ತು.

ಶಾಲೆ ಮುಗಿಸಿ ಕತ್ತಲಾಗುವ ಹೊತ್ತಿಗೆ ಬರುವಾಗ, ದೀಪ ಹೊತ್ತಿದ್ದರೆ ಬೊಟ್ಟಿನ ಸುತ್ತ ತೆಳ್ಳನೆಯ ಹಳದಿ ಉಂಗುರವೊಂದು ಕಾಣುತ್ತಿತ್ತು, ಮಕ್ಕಳಿಗೆ ನಾನು ಬೋರ್ಡಿನ ಮೇಲೆ ಬರೆದು ತೋರಿಸುವ ಕಂಕಣ ಗ್ರಹಣದ ಹಾಗೆ. ಅದನ್ನು ನೋಡಿದರೆ ಸಂಕಟವಾಗಬೇಕು. ನನಗೆ ನೆಮ್ಮದಿಯಾಗುತ್ತಿತ್ತು.

ಅದಕ್ಕೆ ಇನ್ನೊಂದು ಕಾರಣವಿದೆ. ಭಾನುವಾರ ಭಾನುವಾರ ವನಜಕ್ಕನಿಗೆ ಫೋನ್ ಮಾಡುತ್ತಿದ್ದೆ. ಎದುರೆದುರು ಅಷ್ಟು ಮಾತಾಡಿದವರಿಗೆ ಫೋನಿನಲ್ಲಿ ಮಾತೇ ಬಾರದು. ಊಟ ಆಯ್ತಾ, ಆಯ್ತು. ಕಾಲುನೋವು, ಹಾಗೇ ಇದೆ. ಆಗ ಅವರು ಕೇಳುವರು: ‘ದೀಪ ಶಾಂತ ಆಯ್ತಾ?’ ‘ಇಲ್ಲ ಅಕ್ಕಾ, ಮೊನ್ನೆ ಮತ್ತೆ ಬಂತು.’ ಅಲ್ಲಿಂದ ನಮ್ಮ ಹಳೆಯ ಗಂಟಲು ತೆರೆದುಕೊಳ್ಳುತ್ತಿತ್ತು. ನಯಾಜಣ್ಣ ಏನಂದರು, ನಾನು ಏನಂದೆ, ಅದಕ್ಕೆ ಅವರ ತೆಲುಗಿನ ಒಂದು ಬೈಗುಳ. ಒಂದು ಸಲ ನಕ್ಕೂ ಬಿಟ್ಟರು. ನಕ್ಕ ಕೂಡಲೇ ‘ಇಡ್ತೀನಿ ಕಣೇ’ ಎಂದು ಫೋನ್ ಇಟ್ಟರು. ಹೀಗಿರುವಾಗ ಆ ದೀಪ ಪೂರ್ತಿ ಶಾಂತವಾಗಿಬಿಟ್ಟರೆ ನಮ್ಮಿಬ್ಬರ ಗತಿಯೇನು ಎಂದು ನಾನು ಯೋಚಿಸಿದ್ದರಲ್ಲಿ ತಪ್ಪೇನಿದೆ?

ಹಾಗೆಂದು ಚಿಕಿತ್ಸೆ ನಿಲ್ಲಿಸಿರಲಿಲ್ಲ. ನಯಾಜಣ್ಣ ಸೆನ್ಸರನ್ನು ಬಿಚ್ಚಿ ಮಸಿ ಒರೆಸಿ ಹಾಕಿದರು, ಬಂತು. ಪೆಟ್ರೋಲೇ ಸರಿಯಿಲ್ಲವೆಂದು ಬೇರೆ ಬಂಕಿಗೆ ಹೋಗಲು ಹೇಳಿದರು, ಅಲ್ಲಿಯೂ ಬಂತು. ಮಾಲೂರಿನಲ್ಲಿ ಕಂಪ್ಯೂಟರಿಟ್ಟು ನೋಡುವ ಗ್ಯಾರೇಜಿದೆ ಎಂದು ನಮ್ಮ ಭಾವ ಹೇಳಿದರೆಂದು ಒಂದು ಭಾನುವಾರ ಇಟ್ಟಿಗೆ ಲಾರಿಗಳ ಹಿಂದೆ ದೂಳು ಕುಡಿಯುತ್ತ ಅಲ್ಲಿಗೂ ಹೋದೆ. ಕಂಪ್ಯೂಟರು ಸೆನ್ಸರಿನ ಕಡೆಗೇ ಬೆರಳು ತೋರಿಸಿತು. ಹೊಸ ಮೂಗು ಜೋಡಿಸಿಕೊಂಡು ಠೀವಿಯಿಂದ ಹೊರಟೆವು. ವಕ್ಕಲೇರಿ ದಾಟುವಷ್ಟರಲ್ಲಿ ಬೊಟ್ಟಿನ ಸುತ್ತ ಉಂಗುರ ಮೂಡಿತು. ನಾನು ಒಬ್ಬಳೇ ಕಾರಿನಲ್ಲಿ ಜೋರಾಗಿ ನಕ್ಕೆ. ಪಕ್ಕಕ್ಕೆ ತಿರುಗಿ ‘ನೋಡಿದ್ರಾ ಅಕ್ಕಾ’ ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ.

ಇಷ್ಟರಲ್ಲಿ ಕಾರಿಗೆ ಹದಿನೈದು ತುಂಬುತ್ತ ಬಂತು. ನಮ್ಮಲ್ಲಿ ಮಕ್ಕಳಿಗೆ ಹದಿನೈದು ತುಂಬಿದರೆ ಹತ್ತನೇ ಕ್ಲಾಸಿನ ಪರೀಕ್ಷೆ, ಕಾರಿಗೆ ತುಂಬಿದರೆ ಆರ್‌ಟಿಒ ಕಚೇರಿಯ ಪರೀಕ್ಷೆ. ಪಾಸಾದರೆ ಮತ್ತೆ ನೋಂದಣಿ. ಇಲ್ಲವಾದರೆ ಗುಜರಿ. ಮನೆಯಲ್ಲಿ ಯಜಮಾನರು ‘ಕೊಟ್ಟುಬಿಡೋಣ, ಸಾಕು’ ಎಂದರು. ಅವರು ಹೇಳಿದ್ದು ನ್ಯಾಯವೇ. ನನ್ನ ಕಣ್ಣಿಗೆ ಮಾತ್ರ ಯಾವನೋ ಗುಜರಿಯವನು ಸುತ್ತಿಗೆ ಹಿಡಿದು ಆ ಎಡಗಡೆಯ ಸೀಟನ್ನು ಕಿತ್ತು ರಾಶಿಯ ಮೇಲೆ ಎಸೆಯುವುದು ಕಂಡಿತು. ಕೊಡುವುದಿಲ್ಲ ಎಂದೆ.

ಕಾರನ್ನು ಉಳಿಸಿದ್ದು ಕಂಪ್ಯೂಟರಲ್ಲ, ಒಂದು ಆಕಸ್ಮಿಕ. ಒಂದು ದಿನ ನಯಾಜಣ್ಣನಿಗೆ ಮುಳಬಾಗಿಲಿನಲ್ಲಿ ನೆಂಟರ ಮದುವೆ. ಅವರ ಸ್ಕೂಟರು ಕೆಟ್ಟಿತ್ತು. ಮೆಕ್ಯಾನಿಕ್ಕಿನ ಗಾಡಿ ಕೆಟ್ಟದ್ದಕ್ಕೆ ನಾನು ನಗದೆ ಇರಲು ಬಹಳ ಕಷ್ಟಪಟ್ಟೆ. ಬೆಳಿಗ್ಗೆ ನಮ್ಮ ಮನೆಗೇ ಬಂದು, ಅತ್ತರು ಹಾಕಿಕೊಂಡು, ಇಸ್ತ್ರಿಯ ಜುಬ್ಬಾದಲ್ಲಿ ಎಡಗಡೆ ಕೂತರು. ಅತಿಥಿ ಪಕ್ಕದಲ್ಲಿರುವಾಗ ರೇಡಿಯೊ ಹಾಕುವುದು ಮರ್ಯಾದೆಯಲ್ಲ ಎಂದು ನಾನು ಹಾಕಲಿಲ್ಲ. ಅತ್ತರಿನ ಘಾಟು ನನಗೆ ತಾಗೀತೆಂದು ಅವರು ಕಿಟಕಿ ಇಳಿಸಿದರು. ಕಾರು ಗೇಟು ದಾಟಿತ್ತಷ್ಟೆ.

‘ನಿಲ್ಸಿ ಮೇಡಂ, ನಿಲ್ಸಿ. ಬುಸ್ ಬುಸ್ ಅಂತಿದೆ ಇಲ್ಲಿ.’

ಅವರು ಜುಬ್ಬಾ ಎತ್ತಿ ಕಟ್ಟಿ ಬಾನೆಟ್ಟಿನೊಳಗೆ ಬಗ್ಗಿದರು. ಎಂಜಿನ್ನಿನಿಂದ ಹೊಗೆ ಹೊರಡುವ ಕಬ್ಬಿಣದ ಪೈಪಿನಲ್ಲಿ, ಸೆನ್ಸರಿಗೂ ಮೊದಲು, ಕೂದಲೆಳೆಯಷ್ಟು ಬಿರುಕು. ತಣ್ಣಗಿರುವಾಗ ಅದು ಬಾಯಿ ಬಿಟ್ಟು ಬುಸುಗುಡುತ್ತದೆ, ಹೊರಗಿನ ಗಾಳಿಯನ್ನೂ ಒಳಗೆಳೆದುಕೊಳ್ಳುತ್ತದೆ. ಆ ಗಾಳಿಯನ್ನು ಮೂಸಿದ ಸೆನ್ಸರು ಹೊಗೆಯೇ ಸರಿಯಿಲ್ಲವೆಂದು ಚಾಡಿ ಹೇಳುತ್ತದೆ. ಕಬ್ಬಿಣ ಕಾದು ಹಿಗ್ಗಿದ ಮೇಲೆ ಬಿರುಕು ಹೆಚ್ಚುಕಡಿಮೆ ಕೂಡಿಕೊಳ್ಳುತ್ತದೆ, ಸದ್ದು ನಿಲ್ಲುತ್ತದೆ. ಗ್ಯಾರೇಜಿಗೆ ನಾನು ಕಾರನ್ನು ಒಯ್ಯುತ್ತಿದ್ದದ್ದೆಲ್ಲ ಶಾಲೆಯಿಂದ ಬರುತ್ತ, ಎಂಜಿನ್ ಕಾದಿರುವಾಗ. ಬಿಸಿಗೆ ಕಬ್ಬಿಣ ಹಿಗ್ಗುತ್ತದೆ ಎಂದು ಎಂಟನೇ ಕ್ಲಾಸಿಗೆ ವರ್ಷವೂ ಪಾಠ ಮಾಡುವವಳು ನಾನೇ. ‘ಇಷ್ಟು ದಿನ ಈ ಸೀಟಲ್ಲಿ ಯಾರೂ ಕೂತ್ಕೊಂಡಿಲ್ವಾ ಮೇಡಂ? ಕೂತಿದ್ರೆ ಹೇಳ್ತಿದ್ರು’ ಎಂದರು ನಯಾಜಣ್ಣ.

ಕೂತವರು ಹೇಳಿದ್ದರು. ಹಾವಿದ್ದಂಗೆ ಅಂತಲೇ ಹೇಳಿದ್ದರು.

ಬೆಸುಗೆಯಾಯಿತು. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು, ಕತ್ತಲಲ್ಲಿ ಬೊಟ್ಟಿನ ಸುತ್ತ ಉಂಗುರ ಮೂಡಲಿಲ್ಲ. ನಯಾಜಣ್ಣ ಗೆದ್ದ ಮುಖದಲ್ಲಿ ಒಂದು ಮಾತು ಹೇಳಿದರು: ‘ಆರ್‌ಟಿಒಗೆ ಹೋಗೋ ಮುಂಚೆ ಆ ಬೊಟ್ಟು ತೆಗೆದುಬಿಡಿ ಮೇಡಂ. ಕೀ ಹಾಕಿದಾಗ ದೀಪ ಬರ್ಬೇಕು, ಸ್ಟಾರ್ಟ್ ಆದ್ಮೇಲೆ ಹೋಗ್ಬೇಕು. ಸಾಹೇಬ್ರು ಅದನ್ನ ನೋಡ್ತಾರೆ. ಬೊಟ್ಟಿದ್ರೆ ಏನೋ ಮುಚ್ಚಿಟ್ಟಿದಾರೆ ಅನ್ಕೋತಾರೆ.’

ತೆಗೆಯುವುದೇನು ಮಹಾ. ಉಗುರಿನ ತುದಿ ಸಾಕು. ಎರಡು ಮೂರು ಸಲ ಉಗುರನ್ನು ಅದರ ಅಂಚಿನವರೆಗೆ ಒಯ್ದೆ. ಪ್ರತಿಸಲವೂ ಯಲ್ದೂರಿನ ಗೋಡೆಯ ಪಕ್ಕದ ಆ ಖಾಲಿ ಹಣೆ ಕಣ್ಣಮುಂದೆ ಬಂತು. ಅಲ್ಲಿ ಯಾರೋ ತೆಗೆದರು, ಇಲ್ಲಿ ನಾನು ತೆಗೆಯಲೇ? ಅಂಟಿಸಿದವರೇ ಬಂದು ತೆಗೆಯಲಿ ಎಂದು ಕೈ ಹಿಂದೆಗೆದೆ. ವರ್ಷದ ಕಾರ್ಯವೂ ಮುಗಿದಿತ್ತು. ವನಜಕ್ಕ ‘ನಾನೇ ಬರ್ತೀನಿ’ ಎಂದದ್ದು ಮಾತ್ರ ಮುಂದಿನ ವಾರ, ಅದರ ಮುಂದಿನ ವಾರ ಎಂದು ಸರಿಯುತ್ತ ಹೋಗುತ್ತಿತ್ತು. ಒಂದು ಭಾನುವಾರ ಫೋನ್ ಮಾಡದೆ ಕಾರನ್ನೇ ಹೊರಡಿಸಿದೆ.

ಶ್ರೀನಿವಾಸಪುರದ ಕಡೆಗೆ ತೋಪುಗಳೆಲ್ಲ ಹೂ ಬಿಟ್ಟಿದ್ದವು. ಆ ಘಮ ಬರಲೆಂದು ವರ್ಷದ ಮೇಲೆ ಎಡಗಡೆಯ ಕಿಟಕಿ ಇಳಿಸಿದೆ. ದಾರಿಯುದ್ದಕ್ಕೂ ಒಂದೇ ಅಭ್ಯಾಸ: ಅವರ ಮುಖ ನೋಡಿ ಮಾತಾಡಬೇಕು, ಹಣೆಯ ಕಡೆ ಕಣ್ಣು ಹೋಗಬಾರದು, ಹೋದರೂ ನಿಲ್ಲಬಾರದು. ನನ್ನ ಹಣೆಯ ಬೊಟ್ಟನ್ನೂ ಚಿಕ್ಕದು ಮಾಡಿಕೊಂಡು ಹೋಗಿದ್ದೆ. ಎಷ್ಟು ತಯಾರಿ!

ಹಾರ್ನಿಗೆ ವನಜಕ್ಕನೇ ಹೊರಗೆ ಬಂದರು. ಸೊರಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಣೆಯ ಮೇಲೆ ಅಂಗಿಯ ಗುಂಡಿಯಷ್ಟು ಅಗಲದ ಕಡುಗೆಂಪು ಬೊಟ್ಟು.

ನಾನು ಬಾಗಿಲು ಹಿಡಿದು ನಿಂತೇ ಇದ್ದೆ. ಅವರು ನನ್ನ ಕಣ್ಣು ಎಲ್ಲಿ ನಿಂತಿದೆ ಎಂದು ನೋಡಿ, ‘ಏನ್ ಹಂಗೆ ನೋಡ್ತೀಯಾ’ ಎಂದರು. ‘ಒಂದ್ ತಿಂಗಳು ಇಡ್ಲಿಲ್ಲ. ಆಮೇಲೆ ಅಂಗಡಿ ಖಾಲಿ ಮಾಡಿ ಸಾಮಾನು ಇಲ್ಲಿಗೆ ತಂದ್ರು ನೋಡು, ಪೆಟ್ಟಿಗೆ ತುಂಬ ಇದೇ ಬೊಟ್ಟು. ನಂಗೇ ಅಂತ ಎತ್ತಿಟ್ಟಿದ್ದು. ಇವರು ಇದನ್ನ ಯಾರಿಗೆ ತಂದಿದ್ದು, ನಾನಿಡ್ದೆ ಇನ್ಯಾರು ಇಡ್ಬೇಕು? ಓರಗಿತ್ತಿ ನಾಲ್ಕು ದಿನ ಮಾತು ಬಿಟ್ಲು. ಈಗ ಅವಳೂ ಅದರಲ್ಲೇ ಇಟ್ಕೊತಾಳೆ.’

‘ಫೋನಲ್ಲಿ ಹೇಳ್ಲೇ ಇಲ್ಲ ಅಕ್ಕಾ ನೀವು!’

‘ನೀನು ಕೇಳಿದ್ದೆಲ್ಲಿ? ಬರೀ ನಿನ್ನ ಕಾರು, ನಿನ್ನ ದೀಪ.’

ಮುದ್ದೆ, ಅವರೆಕಾಳಿನ ಸಾರು ಉಣ್ಣುತ್ತ ಬಿರುಕಿನ ಕಥೆಯನ್ನೆಲ್ಲ ಹೇಳಿ, ತೋಪಿನಲ್ಲಿ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಎಂಜಿನ್ ತಣ್ಣಗಾಗಿತ್ತು. ‘ಎಲ್ಲಿ, ನಿನ್ನ ಹಾವು ಸತ್ತಿದೆಯಾ ನೋಡೋಣ’ ಎಂದು ವನಜಕ್ಕ ಎಡಗಡೆಯ ಬಾಗಿಲು ತೆಗೆದು ಕೂತರು. ಕೂತ ಕೂಡಲೇ ಸೀಟನ್ನು ಮುಂದಕ್ಕೆಳೆದುಕೊಂಡರು. ‘ಯಾರೇ ಇದನ್ನ ಹಿಂದೆ ಹಾಕಿದ್ದು?’

ಕೀಲಿ ತಿರುಗಿಸಿದೆ. ಇಬ್ಬರೂ ಉಸಿರು ಹಿಡಿದು ಕೇಳಿದೆವು. ಎಂಜಿನ್ನಿನ ಗುರುಗುರು, ತೋಪಿನ ಜೇನಿನ ಸದ್ದು. ಬುಸುಗುಡುವುದು ಇರಲಿಲ್ಲ. ನಮ್ಮಿಬ್ಬರಿಗೂ ಮಾತಿಲ್ಲದೆ ಅಷ್ಟು ಹೊತ್ತು ಕೂರುವುದು ಬರುತ್ತದೆ ಎಂದು ಆವತ್ತೇ ಗೊತ್ತಾಯಿತು.

‘ಇಲ್ಲ ಕಣೇ. ಸದ್ದೇ ಇಲ್ಲ’ ಎಂದರು ವನಜಕ್ಕ. ಆಮೇಲೆ ನನ್ನ ಕೈಯಡಿಯಿಂದ ಬಗ್ಗಿ, ನಾನು ಅಯ್ಯೋ ಎನ್ನುವ ಮೊದಲೇ, ಬೊಟ್ಟನ್ನು ಪಟ್ಟನೆ ಕಿತ್ತರು. ದೀಪ ಶಾಂತವಾಗಿತ್ತು. ಸುತ್ತಲಿನ ಪ್ಲಾಸ್ಟಿಕ್ಕು ಬಿಸಿಲಿಗೆ ಮಂಕಾಗಿ ಗೀರುಬಿದ್ದಿತ್ತು. ಬೊಟ್ಟಿದ್ದ ಆ ದುಂಡು ಜಾಗ ಮಾತ್ರ ಕಾರು ಕೊಂಡ ದಿನ ಹೇಗಿತ್ತೋ ಹಾಗೆ ಫಳಫಳ ಎನ್ನುತ್ತಿತ್ತು.

ವರ್ಷಪೂರ್ತಿ ನಾನು ಕಾಪಾಡಿಕೊಂಡು ಬಂದಿದ್ದ, ಭೂಮಿಯ ಮೇಲೆ ಉಳಿದ ಆ ಒಂದೇ ಒಂದು ಬೊಟ್ಟನ್ನು ಅವರು ಬೆರಳ ತುದಿಯಲ್ಲಿ ತಿರುಗಿಸಿ ನೋಡಿ, ‘ಥೂ, ಅಂಟೇ ಹೋಗಿದೆ’ ಎಂದು ಕಿಟಕಿಯಿಂದಾಚೆ ಮಾವಿನ ತರಗೆಲೆಯ ಮೇಲೆ ಎಸೆದುಬಿಟ್ಟರು. ನನ್ನ ಮುಖ ಹೇಗಾಯಿತೋ ಏನೋ. ‘ಅದಕ್ಯಾಕೆ ಅಳ್ತೀಯಾ ಹುಚ್ಚಿ, ಪೆಟ್ಟಿಗೆ ತುಂಬ ಇದೆ ಅಂದ್ನಲ್ಲ’ ಎಂದರು. ಹೇಳುತ್ತ ಹೇಳುತ್ತ ಅವರ ಕಣ್ಣಲ್ಲೂ ನೀರು ಬಂತು. ಹಾಗೆ ಇಬ್ಬರೂ ಎಂಜಿನ್ ಆರಿಸುವುದನ್ನೂ ಮರೆತು, ನಿಂತ ಕಾರಿನಲ್ಲಿ, ಒಳ್ಳೆಯ ಹೊಗೆ ಬಿಡುತ್ತ ಕೂತಿದ್ದೆವು.

ಇಳಿಯುವ ಮುಂಚೆ ಅವರು ಬಿಸಿಲುಮರೆಯನ್ನು ಇಳಿಸಿ ಕನ್ನಡಿಯಲ್ಲಿ ಮುಖ ನೋಡಿಕೊಂಡು ಕಣ್ಣೊರೆಸಿಕೊಂಡರು. ಆಮೇಲೆ ಹಣೆಯ ಬೊಟ್ಟನ್ನು ಬಿಡಿಸಿ, ಆ ಕನ್ನಡಿಯ ಮೂಲೆಗೆ ಅಂಟಿಸಿದರು. ಅದೇನೆಂದು ಹೆಣ್ಣುಮಕ್ಕಳಿರುವ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಚ್ಚಲಿನ ಕನ್ನಡಿ, ಬೀರುವಿನ ಕನ್ನಡಿ, ಎಲ್ಲೆಲ್ಲೂ ರಾತ್ರಿ ಮಲಗುವ ಮುಂಚೆ ಅಂಟಿಸಿಟ್ಟ ಬೊಟ್ಟುಗಳಿರುತ್ತವೆ. ಬೆಳಿಗ್ಗೆ ಎದ್ದು ಅಲ್ಲಿಂದಲೇ ತೆಗೆದು ಇಟ್ಟುಕೊಳ್ಳುವುದಕ್ಕೆ.

‘ನಂಗೆ ಒಳಗಡೆ ಬೇರೆ ಇದೆ. ಇದು ಇಲ್ಲಿರ್ಲಿ’ ಎಂದು ಅವರು ಬಿಸಿಲುಮರೆ ಮಡಚಿದರು.

ಆರ್‌ಟಿಒ ಸಾಹೇಬರು ಕಾರನ್ನು ಪಾಸು ಮಾಡಿದರು. ಹಳದಿ ದೀಪ ಈಗ ಕೀಲಿ ತಿರುಗಿಸಿದಾಗ ಬರುತ್ತದೆ, ನೋಡುತ್ತದೆ, ಹೋಗುತ್ತದೆ. ಭಾನುವಾರ ಫೋನ್ ಮಾಡಿದಾಗ ಮಾತಿಗೆ ಅದರ ನೆರವು ಬೇಕಾಗುವುದಿಲ್ಲ; ಅವರು ಕೇಳುವ ಮೊದಲು ನಾನೇ ಅವರ ವಿಷಯ ಕೇಳುತ್ತೇನೆ. ಮುಳಬಾಗಿಲಿನ ದಾರಿಯಲ್ಲಿ ರೇಡಿಯೊ ಹಾಕುವುದನ್ನು ಬಿಟ್ಟಿದ್ದೇನೆ. ಎಡಗಡೆಯ ಕಿಟಕಿಯನ್ನು ಒಂದಿಷ್ಟು ಇಳಿಸಿಟ್ಟಿರುತ್ತೇನೆ, ಗಾಳಿ ಬೇಕಾದಷ್ಟು ಗಲಾಟೆ ಮಾಡುತ್ತದೆ. ಮೊನ್ನೆ ಯಜಮಾನರು ಆ ಸೀಟಿನಲ್ಲಿ ಕೂತಿದ್ದಾಗ ಬಿಸಿಲು ಕಣ್ಣಿಗೆ ಹೊಡೆದು ಮರೆಯನ್ನು ಇಳಿಸಿದರು. ‘ಇದೇನೇ, ಯಾರದೋ ಬೊಟ್ಟು. ತೆಗೆದು ಎಸೀಲಾ?’

‘ಇರಲಿ ಬಿಡಿ’ ಎಂದೆ. ‘ಬಂದು ಇಟ್ಕೊತಾರೆ.’